ಆಕ್ಷೇಪಣೆ ಇದೆ

ಕನ್ನಡಿಯ ಮುಂದೆ ನಿಂತು ಎರಡನೆಯ ಸಲ ತಲೆ ಬಾಚಿಕೊಳ್ಳುತ್ತಿದ್ದಾಗ ಅವಳಿಗೆ ತಟ್ಟನೆ ನಾಚಿಕೆಯಾಯಿತು. ಯಾರನ್ನು ನೋಡಲು ಇಷ್ಟು ಸಿಂಗಾರ? ತಮ್ಮನನ್ನು ಕೊಂದವನನ್ನು. ಅದೂ ಎದುರುಬದುರು ಅಲ್ಲ, ಅವನು ದೂರದ ಜೈಲಿನಲ್ಲಿ ಒಂದು ಕುರ್ಚಿಯ ಮೇಲೆ, ಇವಳು ಇಲ್ಲಿ ಕೈದಿಗಳ ಬಿಡುಗಡೆ ಮಂಡಳಿಯ ಕಚೇರಿಯಲ್ಲಿ ಒಂದು ಕುರ್ಚಿಯ ಮೇಲೆ, ನಡುವೆ ಗೋಡೆಗೆ ಹಾಕಿದ ವಿಡಿಯೊ ಪರದೆ. ಪರದೆಯಲ್ಲಿ ತನ್ನ ಮುಖ ಅವನಿಗೆ ಎಷ್ಟು ದೊಡ್ಡದಾಗಿ ಕಾಣುತ್ತದೋ ಅವಳಿಗೆ ತಿಳಿಯದು. ಕೇಳಬೇಕೆಂದು ಹನ್ನೊಂದು ವರ್ಷಗಳಿಂದ ಅಂದುಕೊಂಡಿದ್ದಾಳೆ, ಕೇಳಿಲ್ಲ. ಐವತ್ತೆಂಟು ವರ್ಷದ ಹೆಂಗಸು ಅಂಥದ್ದನ್ನೆಲ್ಲ ಕೇಳಿದರೆ ಜನ ಏನೆಂದಾರು. ಬಾಚಣಿಗೆ ಕೆಳಗಿಟ್ಟಳು. ಪೆಟ್ಟಿಗೆಯಿಂದ ವರ್ಷಕ್ಕೊಂದೇ ದಿನ ಹೊರಬರುವ ಒಳ್ಳೆಯ ಬಟ್ಟೆ ಆಗಲೇ ಮೈಮೇಲಿತ್ತು. ಬದಲಾಯಿಸಲು ಹೊತ್ತಿರಲಿಲ್ಲ, ಮನಸ್ಸೂ ಇರಲಿಲ್ಲ.

ಮಂಡಳಿಯ ಕಾಗದ ಊಟದ ಮೇಜಿನ ಮೇಲೇ ಬಿದ್ದಿತ್ತು. ಬಂದು ಮೂರು ವಾರವಾಗಿತ್ತು. ಅಷ್ಟರಲ್ಲಿ ಅದನ್ನು ಎಷ್ಟು ಸಲ ಓದಿದ್ದಳೆಂದರೆ ಮಡಿಕೆಯ ಗುರುತು ಬಟ್ಟೆಯ ಹೊಲಿಗೆಯಂತೆ ಎದ್ದು ಕಾಣುತ್ತಿತ್ತು. ಇದುವರೆಗೆ, ಬಿಡುಗಡೆ ಸಿಗದ ಕೈದಿಯ ಅರ್ಜಿಯನ್ನು ವರ್ಷಕ್ಕೊಮ್ಮೆ ಮತ್ತೆ ಪರಿಶೀಲಿಸುತ್ತಿದ್ದರು. ಪ್ರತಿ ಸಲವೂ ಇವಳನ್ನು ಕರೆಯುತ್ತಿದ್ದರು, ಇವಳು ಹೋಗಿ ‘ಆಕ್ಷೇಪಣೆ ಇದೆ’ ಎನ್ನುತ್ತಿದ್ದಳು, ಅವರು ಅರ್ಜಿ ತಳ್ಳಿಹಾಕುತ್ತಿದ್ದರು. ಈಗ ಹೊಸ ನಿಯಮ. ಒಂದು ಸಲ ತಳ್ಳಿಹಾಕಿದರೆ ಮುಂದಿನ ಪರಿಶೀಲನೆಯನ್ನು ಐದು ವರ್ಷದವರೆಗೆ ದೂರ ಇಡಬಹುದು. ಅದರ ಕೆಳಗೆ, ‘ಪ್ರತಿ ವರ್ಷ ಬರುವ ನೋವಿನಿಂದ ಕುಟುಂಬದವರಿಗೆ ವಿನಾಯಿತಿ ನೀಡುವ ಸದುದ್ದೇಶದಿಂದ’ ಎಂದು ಬರೆದಿದ್ದರು. ಕುಟುಂಬದವರು ಎಂದರೆ ಇವಳು. ಬೇರೆ ಯಾರೂ ಇಲ್ಲ. ಐದು ವರ್ಷ ಬಿಟ್ಟು ಕರೆದರೆ ಅರವತ್ತಮೂರಾಗಿರುತ್ತದೆ. ನೋವು ತಪ್ಪಿಸುತ್ತೇವೆ ಎಂದು ಅವರು ಕಿತ್ತುಕೊಳ್ಳಲು ಹೊರಟಿರುವುದು ಏನನ್ನು ಎಂಬುದನ್ನು ಅವಳು ಯಾರಿಗೂ ಬಾಯಿಬಿಟ್ಟು ಹೇಳುವಂತಿರಲಿಲ್ಲ. ತನಗೆ ತಾನೇ ಹೇಳಿಕೊಳ್ಳಲೂ ಮೂರು ವಾರ ಹಿಡಿದಿತ್ತು. ಅವನು ಹೊರಗೆ ಬರುವುದೂ ಅವಳಿಗೆ ಬೇಡ, ಐದು ವರ್ಷ ಅವನನ್ನು ನೋಡದೆ ಇರುವುದೂ ಬೇಡ. ಅವಳಿಗೆ ಬೇಕಾದದ್ದು ವರ್ಷಕ್ಕೊಂದು ಸಲ ಅವನು ಆ ಕುರ್ಚಿಯ ಮೇಲೆ ಕೂತು ತಮ್ಮನ ಕೊನೆಯ ದಿನದ ಬಗ್ಗೆ ಮಾತಾಡುವುದು. ಅದಕ್ಕಾಗಿ ಅವನು ಒಳಗೇ ಇರಬೇಕು.

ಬಸ್ಸಿನಲ್ಲಿ ದಾರಿ ಬದಿಯ ಸೀಟು ಸಿಕ್ಕಿತು. ಕಿಟಕಿ ಬಳಿ ಕೂತಿದ್ದವನು ಏಳುವಾಗ ‘ಸ್ವಲ್ಪ ಕಾಲು ತೆಗೀರಿ ಅಜ್ಜಿ’ ಎಂದ. ಮೊದಲು ಎಲ್ಲರೂ ಅಕ್ಕ ಎನ್ನುತ್ತಿದ್ದರು, ಆಮೇಲೆ ಅಮ್ಮ ಎಂದರು, ಈಗ ಅಜ್ಜಿಗೆ ಬಂದು ನಿಂತಿತ್ತು. ಮಕ್ಕಳಿಲ್ಲದೆ ಅಮ್ಮನಾಗಿ, ಮೊಮ್ಮಕ್ಕಳಿಲ್ಲದೆ ಅಜ್ಜಿಯಾಗಿ ಅಂತೂ ಬಡ್ತಿಗೇನೂ ಕೊರತೆಯಿಲ್ಲ ಎಂದು ನಗು ಬಂತು. ಕೆಲಸದ ಕಡೆ ಅಂಥ ಬಡ್ತಿಯೂ ಇರಲಿಲ್ಲ. ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಮೂವತ್ತೊಂದು ವರ್ಷ. ಹಾಸಿಗೆಯ ಬಟ್ಟೆ ನಡುವೆ ಸವೆದರೆ ಉದ್ದಕ್ಕೆ ಸೀಳಿ ಅಂಚುಗಳನ್ನು ನಡುವಿಗೆ ತಂದು ಹೊಲಿಯಬೇಕು, ಮತ್ತೆ ಸವೆದರೆ ದಿಂಬಿನ ಚೀಲ, ಅದೂ ಹೋದರೆ ನೆಲ ಒರೆಸುವ ತುಂಡು. ಯಾವ ಬಟ್ಟೆಯನ್ನೂ ಅವಳು ಒಂದೇ ಸಲಕ್ಕೆ ಕೈಬಿಟ್ಟವಳಲ್ಲ. ನಿನ್ನೆ ರಜೆ ಚೀಟಿ ಕೊಟ್ಟಾಗ ಒಗೆಯುವ ವಿಭಾಗದ ಮೇಸ್ತ್ರಿ, ‘ಓಹೋ, ನಿಮ್ಮ ವರ್ಷದ ರಜಾ ಬಂತಾ. ಯಾರನ್ನ ನೋಡೋಕೆ ಹೋಗ್ತೀರೋ ಏನೋ, ಈ ಒಂದು ವಾರ ಮಾತ್ರ ಮುಖ ಕಳೆಕಳೆಯಾಗಿರುತ್ತೆ’ ಎಂದಿದ್ದ. ಪಾಪ, ಅವನಿಗೆ ಗೊತ್ತಿಲ್ಲ. ಗೊತ್ತಿಲ್ಲದವರ ಮಾತೇ ಸರಿಯಾದ ಜಾಗಕ್ಕೆ ಹೋಗಿ ತಗಲುತ್ತದೆ. ಅವಳು ತಲೆ ಬಗ್ಗಿಸಿಕೊಂಡು ಸೂಜಿಗೆ ದಾರ ಪೋಣಿಸಿದ್ದಳು.

ಜೈಲಿನಲ್ಲಿರುವವನ ಹೆಸರು ಏಣಿ. ತಮ್ಮ ಇಟ್ಟ ಅಡ್ಡಹೆಸರು. ಇಬ್ಬರೂ ಲಿಫ್ಟ್ ರಿಪೇರಿಯವರು, ಒಂದೇ ವರ್ಕ್‌ಶಾಪು. ಏಣಿ ಎಷ್ಟು ಉದ್ದವಿದ್ದನೆಂದರೆ ಅವಳ ಮನೆಯ ಅಡುಗೆ ಕೋಣೆಗೆ ಬಗ್ಗಿಯೇ ಬರಬೇಕಾಗಿತ್ತು. ಭಾನುವಾರ ಊಟಕ್ಕೆ ಬರುತ್ತಿದ್ದ, ಉಂಡ ತಟ್ಟೆಯನ್ನು ತಾನೇ ತೊಳೆದಿಡುತ್ತಿದ್ದ, ತಮ್ಮ ಅದನ್ನು ನೋಡಿ ‘ನೋಡು ಅಕ್ಕ, ನಿನಗೆ ಸರಿಯಾದ ತಮ್ಮ ಇವನೇ. ನಾನು ಎಲ್ಲೋ ಅದಲುಬದಲಾಗಿ ಬಂದವನು’ ಎನ್ನುತ್ತಿದ್ದ. ಹತ್ತೊಂಬತ್ತು ವರ್ಷದ ಹಿಂದೆ ಒಂದು ಸಂಜೆ ವರ್ಕ್‌ಶಾಪಿನಲ್ಲಿ ಜಗಳವಾಯಿತು. ತಮ್ಮ ಯಾವುದೋ ಕಟ್ಟಡದ ಲಿಫ್ಟಿನ ಉಕ್ಕಿನ ಹಗ್ಗವನ್ನು ಮೇಲೆ ಹತ್ತಿ ಹೋಗಿ ನೋಡದೆಯೇ ‘ಪರೀಕ್ಷಿಸಲಾಗಿದೆ’ ಎಂದು ಕಾರ್ಡಿಗೆ ಸಹಿ ಹಾಕಿದ್ದ. ಜನ ಸಾಯ್ತಾರೆ ಕಣೋ ಎಂದು ಏಣಿ ರೇಗಿದ, ತಮ್ಮ ನಕ್ಕ, ಏಣಿಯ ಕೈಯಲ್ಲಿ ಸ್ಪ್ಯಾನರು ಇತ್ತು. ಎರಡು ಏಟು. ಮೊದಲನೆಯದು ಭುಜಕ್ಕೆ, ಎರಡನೆಯದು ತಲೆಗೆ. ಜಗಳದಲ್ಲಿ ನ್ಯಾಯ ಏಣಿಯ ಕಡೆ ಇತ್ತು ಎಂಬುದು ಅವಳಿಗೆ ಇವತ್ತಿಗೂ ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳು. ಅತ್ತ ಉಗುಳಲೂ ಆಗದು, ಇತ್ತ ನುಂಗಲೂ ಆಗದು.

ಮಂಡಳಿಯವರು ಪ್ರತಿ ವರ್ಷ ಕೇಳುವುದು ಆ ಎರಡನೆಯ ಏಟಿನ ವಿಷಯ. ಮೊದಲನೆಯದು ಸಿಟ್ಟು, ಒಪ್ಪೋಣ, ಎರಡನೆಯದು ಯಾಕೆ? ಮೊದಲ ವರ್ಷ ಅವನು ಬರೀ ಅತ್ತ. ಎರಡನೆಯ ವರ್ಷ ಗೊತ್ತಿಲ್ಲ ಎಂದ. ಮೂರನೆಯ ವರ್ಷ ಉತ್ತರ ಹುಡುಕುತ್ತಾ ಬೆಳಗಿನಿಂದ ಶುರುಮಾಡಿದ. ತಮ್ಮ ಅವತ್ತು ಲಿಫ್ಟು ಓಡಾಡುವ ಬಾವಿಯೊಳಗೆ ಬಗ್ಗಿ ಸಿಳ್ಳೆ ಹಾಕಿ, ಮೇಲಿನ ಮಹಡಿಯಿಂದ ಅದು ತಿರುಗಿ ಬರುವುದನ್ನು ಕಿವಿಗೊಟ್ಟು ಕೇಳುತ್ತಿದ್ದನಂತೆ. ಅವಳ ಮೈ ಜುಮ್ಮೆಂದಿತ್ತು. ಸತ್ತವನು ಸತ್ತೇ ಇರುತ್ತಾನೆ, ಅವನ ಬಗ್ಗೆ ಹೊಸದೇನೂ ಇರುವುದಿಲ್ಲ ಎಂದು ಅವಳು ತಿಳಿದಿದ್ದಳು. ಇದ್ದಕ್ಕಿದ್ದಂತೆ ಒಂದು ಸಿಳ್ಳೆ ಹೊಸದಾಗಿ ಸಿಕ್ಕಿತು. ಅದನ್ನು ಇಡೀ ವರ್ಷ ಕೇಳಿಸಿಕೊಂಡಳು. ಮರುವರ್ಷ ಶೂ ಲೇಸು ಹರಿದದ್ದಕ್ಕೆ ತಾಮ್ರದ ತಂತಿ ಕಟ್ಟಿಕೊಂಡಿದ್ದ ವಿಷಯ. ಇನ್ನೊಂದು ವರ್ಷ, ಬನ್ನನ್ನು ಎರಡು ಮಾಡಿ ಸಣ್ಣ ಚೂರನ್ನು ಏಣಿಗೆ ಕೊಟ್ಟು, ದೊಡ್ಡದು ತಾನಿಟ್ಟುಕೊಂಡು, ‘ನಿನ್ನ ಎತ್ತರಕ್ಕೆ ಅರ್ಧದಲ್ಲೇನು ಆಗುತ್ತೆ, ನನಗಾದ್ರೂ ಹೊಟ್ಟೆ ತುಂಬಲಿ’ ಎಂದದ್ದು. ಹೋದ ವರ್ಷ, ಸಂಜೆ ಕ್ಷೌರಕ್ಕೆ ಹೋಗಬೇಕು ಎಂದುಕೊಂಡಿದ್ದದ್ದು. ಎಷ್ಟು ಉದ್ದ ಬೆಳೆದಿತ್ತು ಕೂದಲು? ಕಿವಿ ಮುಚ್ಚುತ್ತಿತ್ತೆ? ಕೇಳಬೇಕೆನ್ನುವಷ್ಟರಲ್ಲಿ ಅಧ್ಯಕ್ಷೆ ಫೈಲು ಮುಚ್ಚಿದ್ದಳು. ಹಾಗಾಗಿ ಈ ವರ್ಷ ಕೂದಲಿನ ಪ್ರಶ್ನೆ ಕೇಳಲೇಬೇಕು.

ಕಚೇರಿ ಮೂರನೆಯ ಮಹಡಿಯಲ್ಲಿ. ಗುಮಾಸ್ತ ಮೇಜಿನ ಕೆಳಗೆ ಶೂ ಬಿಚ್ಚಿ, ಬರೀ ಸಾಕ್ಸಿನಲ್ಲಿ ಕೂತಿದ್ದ. ಇವಳನ್ನು ಕಂಡು ಕಾಲನ್ನು ಶೂ ಒಳಗೆ ತೂರಿಸುತ್ತಾ, ‘ಬನ್ನಿ ಅಮ್ಮ. ನೀವು ಬರದೆ ನಮ್ಮ ಆಫೀಸಿಗೆ ವರ್ಷ ತುಂಬಲ್ಲ’ ಎಂದ. ಆಡಿದ ಮೇಲೆ ಹಾಗೆ ಆಡಬಾರದಿತ್ತು ಅನ್ನಿಸಿತೇನೋ, ನೀರಿನ ಲೋಟ ಮುಂದಿಟ್ಟ. ‘ಈ ಸಲ ನಿಮಗೆ ಒಳ್ಳೇದಾಗುತ್ತೆ ಬಿಡಿ. ಐದು ವರ್ಷ ಅಂತ ಬರೆಸಿಬಿಡಿ. ಈ ಅಲೆದಾಟ ತಪ್ಪುತ್ತೆ.’

‘ಎಲ್ಲರೂ ಐದೇ ಬರೆಸ್ತಾರಾ?’

‘ಕೇಳ್ಬೇಕಾ. ನಿನ್ನೆ ಒಬ್ಬರು ಹತ್ತು ಹಾಕೋಕೆ ಬರಲ್ವಾ ಅಂದ್ರು. ಇಲ್ಲಿಗೆ ಇಷ್ಟಪಟ್ಟು ಯಾರು ಬರ್ತಾರೆ ಹೇಳಿ.’

ಅವಳು ನೀರು ಕುಡಿದಳು.

ಒಳಗೆ ಮೂವರು. ನಡುವೆ ಅಧ್ಯಕ್ಷೆ, ಬಲಗಡೆ ಮನೋವೈದ್ಯ, ಎಡಗಡೆ ಇಷ್ಟು ವರ್ಷಗಳಲ್ಲಿ ಒಂದು ಮಾತೂ ಆಡದೆ ಪೆಪ್ಪರ್‌ಮೆಂಟು ಚೀಪುವ ಸದಸ್ಯ. ಪರದೆ ಬೆಳಗಿತು, ಏಣಿ ಕಾಣಿಸಿದ. ಕೂದಲು ಮುಂದಿನಿಂದ ಪೂರ್ತಿ ಹೋಗಿತ್ತು. ಅಷ್ಟುದ್ದದ ಮನುಷ್ಯ ಕುರ್ಚಿಯಲ್ಲಿ ಎಲ್ಲೋ ಕುಸಿದು ಕೂತಿದ್ದ. ‘ಅಕ್ಕ’ ಎಂದ, ಎಂದಿನಂತೆ. ಆ ಒಂದು ಮಾತಿಗೆ ಅವಳೊಳಗೆ ಏನೋ ಸಡಿಲಾದದ್ದು ಸುಳ್ಳಲ್ಲ. ಪ್ರಪಂಚದಲ್ಲಿ ತನ್ನನ್ನು ಹಾಗೆ ಕರೆಯಲು ಉಳಿದವನು ಇವನೊಬ್ಬ. ಛೀ ಎಂದುಕೊಂಡಳು. ಛೀ ಎಂದುಕೊಂಡೇ ಕನ್ನಡಕ ಸರಿಮಾಡಿಕೊಂಡು ಮುಂದಕ್ಕೆ ಬಾಗಿದಳು.

ಜೈಲಿನ ವರದಿ ಓದಿದರು. ಒಳ್ಳೆಯ ನಡತೆ, ಜೈಲಿನ ನೀರಿನ ಪಂಪು ಇವನೇ ನೋಡಿಕೊಳ್ಳುತ್ತಾನೆ. ಅಧ್ಯಕ್ಷೆ ಎರಡನೆಯ ಏಟಿನ ಮಾತು ತೆಗೆದಳು. ಏಣಿ ಅಧ್ಯಕ್ಷೆಯ ಕಡೆ ನೋಡದೆ, ನೇರ ಇವಳ ಕಡೆ ನೋಡುತ್ತಾ ಹೇಳಿದ.

‘ಅವತ್ತು ಬೆಳಿಗ್ಗೆ ಕೆಲಸಕ್ಕೆ ಬರುವಾಗ ಅವನು ಅಕ್ಕನ ಮಾತೇ ಆಡ್ತಿದ್ದ. ಅಕ್ಕನಿಗೆ ಕಣ್ಣು ಮಂಜಾಗ್ತಿದೆ, ಹೊಲಿಯೋಕೆ ಕಷ್ಟಪಡ್ತಾಳೆ, ಒಂದು ಒಳ್ಳೆ ಕನ್ನಡಕ ಮಾಡಿಸ್ಕೊಡ್ಬೇಕು ಅಂತ. ಅಷ್ಟು ಪ್ರೀತಿ ಇದ್ದವನನ್ನ ನಾನು...’

ಮುಂದಕ್ಕೆ ಬಾಗಿ ಕೇಳುತ್ತಿದ್ದವಳು ಕನ್ನಡಕಕ್ಕೆ ಕೈ ಹಾಕಿದಳು. ಹತ್ತೊಂಬತ್ತು ವರ್ಷದ ಹಿಂದೆ ಅವಳಿಗೆ ಮೂವತ್ತೊಂಬತ್ತು. ಮುಸ್ಸಂಜೆಯಲ್ಲಿ ದೀಪ ಹಚ್ಚದೆ ಸೂಜಿಗೆ ದಾರ ಪೋಣಿಸುತ್ತಿದ್ದಳು. ತಮ್ಮ ಅವಳನ್ನು ಕತ್ತಲಲ್ಲೂ ಕಣ್ಣು ಕಾಣುವ ಗೂಬೆ ಎಂದು ರೇಗಿಸುತ್ತಿದ್ದುದೇ ಅದಕ್ಕೆ. ಕನ್ನಡಕ ಬಂದು ಆರು ವರ್ಷವಾಯಿತು, ಅಷ್ಟೆ. ಮೊದಲ ಸಲ ಹಾಕಿಕೊಂಡು ಬಂದದ್ದು ಇದೇ ಕೋಣೆಗೆ. ಇದೇ ಪರದೆಯಲ್ಲಿ ಅವನು ನೋಡಿದ್ದ. ತಮ್ಮ ಅವಳ ಕನ್ನಡಕವನ್ನು ನೋಡಿಯೇ ಇರಲಿಲ್ಲ, ಬೇಕಾಗುತ್ತದೆಂದು ಕನಸಿನಲ್ಲೂ ಅಂದುಕೊಂಡಿರಲಿಲ್ಲ.

ಸುಳ್ಳು. ಇದು ಸುಳ್ಳಾದರೆ ಸಿಳ್ಳೆ? ತಾಮ್ರದ ತಂತಿ? ಬನ್ನಿನ ಸಣ್ಣ ಚೂರು? ಒಂದೊಂದು ವರ್ಷಕ್ಕೆ ಒಂದೊಂದರಂತೆ ತಂದು ಜೋಪಾನ ಮಾಡಿದ್ದೆಲ್ಲ ಎಲ್ಲಿಯವರೆಗೆ ನಿಜ, ಎಲ್ಲಿಂದ ಕಟ್ಟಿದ್ದು? ಸಿಟ್ಟಿನಿಂದ ಅವನ ಮುಖ ನೋಡಿದಳು. ಅವನೂ ನೋಡುತ್ತಿದ್ದ. ಆ ನೋಟವನ್ನು ಅವಳು ಇಷ್ಟು ವರ್ಷ ಪಶ್ಚಾತ್ತಾಪವೆಂದು ತಿಳಿದಿದ್ದಳು. ಅಲ್ಲ, ಅದು ಪಾಠ ಒಪ್ಪಿಸಿದ ಹುಡುಗ ಮೇಷ್ಟರ ಮುಖ ನೋಡುವ ರೀತಿ. ಸರಿಹೋಯಿತೆ, ಇಷ್ಟು ಸಾಕೆ, ಇನ್ನೂ ಬೇಕೆ? ಒಂದು ದಿನದಲ್ಲಿ ಎಷ್ಟು ತಾನೇ ಇರುತ್ತದೆ. ಇಷ್ಟು ವರ್ಷ ಬಾಚಿ ಬಾಚಿ ಕೊಟ್ಟಮೇಲೆ ಅವನ ಬಳಿಯೂ ಆ ದಿನ ಮುಗಿದುಹೋಗಿದೆ. ಮುಗಿದಿದೆ ಎಂದರೆ ಅಕ್ಕ ಏನು ಮಾಡುತ್ತಾಳೋ ಎಂಬ ಹೆದರಿಕೆಗೆ ಇಲ್ಲದ್ದನ್ನು ಹುಟ್ಟಿಸಿ ತಂದಿದ್ದಾನೆ. ಅವಳು ಯಾತಕ್ಕೆ ಬರುತ್ತಾಳೆಂದು ಅವನಿಗೆ ಗೊತ್ತು. ಮಂಡಳಿಗೆ ಗೊತ್ತಿಲ್ಲ, ಮೇಸ್ತ್ರಿಗೆ ಗೊತ್ತಿಲ್ಲ, ಅವನಿಗೆ ಮಾತ್ರ ಗೊತ್ತು, ಯಾವಾಗಲೋ ಗೊತ್ತಾಗಿದೆ. ಅವಳಿಗೆ ಅಳು ಬರುವಷ್ಟು ಅವಮಾನವಾಯಿತು.

‘ಕೇಳಿಸ್ತಾ?’ ಅಧ್ಯಕ್ಷೆ ಇವಳ ಕಡೆ ತಿರುಗಿದ್ದಳು. ‘ನಿಮ್ಮ ಆಕ್ಷೇಪಣೆ ಇದೆಯಾ ಅಂದೆ.’

‘ಆಕ್ಷೇಪಣೆ ಇದೆ.’ ಬಾಯಿಗೆ ರೂಢಿಯಾದ ಮಾತು, ಮನಸ್ಸನ್ನು ಕೇಳದೆಯೇ ಹೊರಬಿತ್ತು.

‘ಸರಿ. ಹಾಗಾದ್ರೆ ಮುಂದಿನದು ಯಾವಾಗ ಅನ್ನೋದು. ಐದು ವರ್ಷದವರೆಗೆ ಇಡಬಹುದು. ನಿಮಗೆ ತೊಂದರೆ ಆಗ್ಬಾರ್ದು ಅಂತ ನಾವು ಐದು ಅಂತಲೇ ಅಂದ್ಕೊಂಡಿದೀವಿ.’

ಪರದೆಯಲ್ಲಿ ಏಣಿ ಕಣ್ಣು ಮುಚ್ಚಿಕೊಂಡಿದ್ದ.

‘ಒಂದು ವರ್ಷ’ ಎಂದಳು.

ಕೋಣೆಯಲ್ಲಿ ಪೆಪ್ಪರ್‌ಮೆಂಟಿನ ಸದ್ದೂ ನಿಂತಿತು. ಮನೋವೈದ್ಯ ಮೊದಲ ಸಲ ಅವಳನ್ನು ಸರಿಯಾಗಿ ನೋಡಿದ. ಏಣಿ ಕಣ್ಣು ತೆರೆದು, ‘ದೊಡ್ಡ ಮನಸ್ಸು ಮಾಡಿದ್ರಿ ಅಕ್ಕ. ಐದು ವರ್ಷ ಅಂದಿದ್ರೆ ನನ್ನ ಕೈಲಿ ಆಗ್ತಿರ್ಲಿಲ್ಲ. ಒಂದು ವರ್ಷ ಆದ್ರೆ ಹೇಗೋ ಕಳೀತೀನಿ’ ಎಂದ. ಅಧ್ಯಕ್ಷೆ ಫೈಲಿನ ಮೇಲೆ ಕೈಯಿಟ್ಟು, ಇಷ್ಟು ವರ್ಷದಲ್ಲಿ ಕಳೆದುಕೊಂಡವರ ಕಡೆಯಿಂದ ಇಂಥ ಮಾತು ಕೇಳಿಲ್ಲ, ನಿಮ್ಮಂಥವರು ಅಪರೂಪ ಎಂದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಒಂದು ಬಗೆ. ಇಲ್ಲಿ ಕಳ್ಳಿಯ ಹೆಗಲ ಮೇಲೆ ಶಾಲು ಹೊದಿಸುತ್ತಿದ್ದರು. ಕೂದಲಿನ ಪ್ರಶ್ನೆ ಕೇಳದೆಯೇ ಅವಳು ಎದ್ದುಬಂದಳು.

ಗುಮಾಸ್ತ ಹೇಳಿಕೆಯನ್ನು ಟೈಪು ಮಾಡಿ ಸಹಿಗೆಂದು ಅವಳ ಮುಂದೆ ತಿರುಗಿಸಿದ. ‘ಓದಿ ನೋಡಿ ಸಹಿ ಹಾಕಿ. ಇದು ಒಳಗೆ ಹೋಗಿ ಮೊಹರು ಬಿದ್ರೆ ಮುಗೀತು.’ ಅವಳು ಓದಿದಳು. ಕೈದಿಯ ಸುಧಾರಣೆಯನ್ನು ಗಮನಿಸಿ, ಕರುಣೆಯ ದೃಷ್ಟಿಯಿಂದ, ಮುಂದಿನ ಪರಿಶೀಲನೆಯನ್ನು ಒಂದೇ ವರ್ಷಕ್ಕೆ ನಿಗದಿಪಡಿಸಬೇಕೆಂದು ಕೋರುತ್ತೇನೆ. ಪೆನ್ನು ಎತ್ತಿದಳು. ಬರೀ ಒಂದು ಸಹಿ. ಎಷ್ಟೋ ಜನ ನೋಡದೆ ಹಾಕುತ್ತಾರೆ, ಯಾವ ಲಿಫ್ಟೂ ಬೀಳುವುದಿಲ್ಲ, ಯಾರೂ ಸಾಯುವುದಿಲ್ಲ.

‘ಈ ಕರುಣೆ ಅನ್ನೋದನ್ನ ತೆಗೀಬೇಕು.’

‘ಕಾರಣ ಅಂತ ಏನಾದ್ರೂ ಇರ್ಲೇಬೇಕು ಅಮ್ಮ. ಆ ಜಾಗ ಖಾಲಿ ಬಿಡೋ ಹಾಗಿಲ್ಲ.’

ಅವಳು ಆ ಸಾಲನ್ನು ಹೊಡೆದುಹಾಕಿ, ಅಂಚಿನಲ್ಲಿ, ಬಟ್ಟೆಗಳಿಗೆ ಗುರುತು ಹಾಕುವ ತನ್ನ ದುಂಡು ಅಕ್ಷರದಲ್ಲಿ ಬರೆದಳು: ‘ಕರುಣೆಯಿಂದಲ್ಲ. ಅವನು ಹೊರಗೆ ಬಂದರೆ ನನಗೆ ಭಯವೂ ಇಲ್ಲ. ನನ್ನ ತಮ್ಮನ ವಿಷಯ ಮಾತಾಡಲು ನನಗೆ ಬೇರೆ ಯಾರೂ ಇಲ್ಲ. ಅದಕ್ಕೇ ಪ್ರತಿ ವರ್ಷ ಆಕ್ಷೇಪಣೆ ಇದೆ ಎನ್ನುತ್ತಾ ಬಂದಿದ್ದೇನೆ.’

ಗುಮಾಸ್ತ ಓದಿದ. ಮತ್ತೊಮ್ಮೆ ಓದಿದ. ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. ‘ಅಮ್ಮ, ಇದನ್ನ ಒಳಗೆ ಕೊಟ್ರೆ ನಿಮ್ಮ ಆಕ್ಷೇಪಣೆ ನಿಲ್ಲಲ್ಲ. ಬಿಟ್ಟುಬಿಡ್ತಾರೆ ಅವನನ್ನ.’

‘ಗೊತ್ತು.’

‘ಬೇರೆ ಹಾಳೆ ಕೊಡ್ತೀನಿ. ಇದನ್ನ ಹರಿದುಹಾಕೋಣ. ನಾನಂತೂ ಯಾರಿಗೂ ಹೇಳಲ್ಲ.’

ಅವನು ಖಾಲಿ ಹಾಳೆ ತೆಗೆದು ಪಕ್ಕದಲ್ಲಿ ಇಟ್ಟೇಬಿಟ್ಟ. ಒಳ್ಳೆಯ ಮನುಷ್ಯ. ಅವಳು ಹಾಳೆಯನ್ನು ನೋಡುತ್ತಾ ಕೂತಳು. ಇದರ ಮೇಲೆ ಏನಾದರೂ ಬರೆದರೆ ಮುಂದಿನ ವರ್ಷ ಮತ್ತೆ ಬಸ್ಸು, ಮತ್ತೆ ಪರದೆ, ಮತ್ತೆ ಅಕ್ಕ. ಏಣಿ ಮುನ್ನೂರ ಅರವತ್ತೈದು ದಿನ ಕೂತು ಇನ್ನೊಂದನ್ನು ಕಟ್ಟಿ ತರುತ್ತಾನೆ, ಅದು ಚೆನ್ನಾಗಿಯೇ ಇರುತ್ತದೆ. ತಾನು ಅದನ್ನು ಸುಳ್ಳೆಂದು ತಿಳಿದೂ ಆಸೆಯಿಂದ ಕೇಳುತ್ತೇನೆಂದು ಅವಳಿಗೆ ಖಂಡಿತ ಗೊತ್ತಿತ್ತು. ಮರುವರ್ಷ ಇನ್ನೊಂದು. ಹೀಗೇ ಹೋದರೆ ತಮ್ಮ ತನ್ನ ತಮ್ಮನಾಗಿ ಉಳಿಯುವುದಿಲ್ಲ. ಅಕ್ಕನನ್ನು ಗೂಬೆ ಎಂದ, ನೋಡದೆ ಕಾರ್ಡಿಗೆ ಸಹಿ ಹಾಕಿದ, ಬೈದರೆ ನಗುತ್ತಿದ್ದ ಆ ಸೋಮಾರಿ ಅಳಿಸಿಹೋಗಿ, ಅಕ್ಕನ ಕನ್ನಡಕದ ಚಿಂತೆ ಮಾಡುವ ಯಾವನೋ ಸಾಧು ಉಳಿಯುತ್ತಾನೆ. ಅಲ್ಲಿ ಒಬ್ಬ ಬದುಕಿರುವ ಮನುಷ್ಯ ಅದಕ್ಕಾಗಿ ಕುರ್ಚಿಯಲ್ಲಿ ಕುಸಿಯುತ್ತಾ ಹೋಗುತ್ತಾನೆ. ಇಷ್ಟೆಲ್ಲ ಸ್ಪಷ್ಟವಾಗಿ ಕಂಡರೂ ಅವಳ ಕೈ ಖಾಲಿ ಹಾಳೆಯ ಕಡೆಗೇ ಹೋಗುತ್ತಿತ್ತು. ಮನೆಗೆ ಹೋದರೆ ಯಾರಿದ್ದಾರೆ? ಆ ಪ್ರಶ್ನೆಗೆ ಉತ್ತರ ಗೊತ್ತಿದ್ದೇ ಅವಳು ಕೈ ಹಿಂದಕ್ಕೆ ತೆಗೆದು, ಬರೆದದ್ದರ ಕೆಳಗೆ ಸಹಿ ಹಾಕಿದಳು.

‘ಇದನ್ನೇ ಕೊಡಿ.’

ಹತ್ತು ನಿಮಿಷಕ್ಕೆ ಮತ್ತೆ ಒಳಗೆ ಕರೆದರು. ಪರದೆ ಆರಿತ್ತು. ಅಧ್ಯಕ್ಷೆಯ ಮುಖದಲ್ಲಿ ಆ ಮೊದಲಿನ ಮೆಚ್ಚುಗೆ ಇರಲಿಲ್ಲ, ಬೈಗುಳವೂ ಇರಲಿಲ್ಲ. ಹೇಗೆ ಇಟ್ಟುಕೊಳ್ಳಬೇಕೆಂದು ತಿಳಿಯದೆ ಮುಖವನ್ನು ಹಾಗೇ ಬಿಟ್ಟಿದ್ದಳು. ‘ನೀವು ಬರೆದಿರೋದನ್ನ ಓದಿದ್ವಿ. ಈಗ ಒಂದೇ ಮಾತು ಹೇಳಿ. ಆಕ್ಷೇಪಣೆ ಇದೆಯೋ, ಇಲ್ವೋ?’

‘ಇಲ್ಲ.’

ಅಷ್ಟು ಸಣ್ಣ ಮಾತು. ಅದನ್ನಾಡಲು ಹನ್ನೆರಡನೆಯ ಸಲದವರೆಗೆ ಬರಬೇಕಾಯಿತು. ಅಧ್ಯಕ್ಷೆ ಬರೆದುಕೊಂಡಳು. ಪೆಪ್ಪರ್‌ಮೆಂಟಿನ ಸದಸ್ಯ ಕತ್ತೆತ್ತಿ, ಇಷ್ಟು ವರ್ಷದಲ್ಲಿ ಮೊದಲ ಸಲ ಬಾಯಿಬಿಟ್ಟು, ‘ಜೊತೆಗೆ ಯಾರಾದ್ರೂ ಬಂದಿದಾರಾ?’ ಎಂದು ಕೇಳಿದ. ಯಾರೂ ಇಲ್ಲ ಎಂದಳು. ಅವನು ತಲೆಯಾಡಿಸಿ ಇನ್ನೊಂದು ಪೆಪ್ಪರ್‌ಮೆಂಟಿನ ಕಾಗದ ಬಿಡಿಸಿದ.

‘ಇನ್ನೊಂದು ವಿಷಯ’ ಎಂದಳು ಅಧ್ಯಕ್ಷೆ. ‘ಬಿಡುಗಡೆ ಆಗೋರಿಗೆ ಒಂದು ಷರತ್ತು ಹಾಕ್ತೀವಿ. ಸತ್ತವರ ಮನೆಯವರ ಹತ್ತಿರ ಬರೋ ಹಾಗಿಲ್ಲ, ಪತ್ರ ಬರೆಯೋ ಹಾಗಿಲ್ಲ, ಮಾತಾಡೋ ಹಾಗಿಲ್ಲ. ಕೊನೇವರೆಗೂ. ನಿಮ್ಮ ವಿಷಯ ಸ್ವಲ್ಪ... ಬೇರೆ. ಬೇಡ ಅಂದ್ರೆ ಅದನ್ನ ತೆಗೀಬಹುದು.’

ಅವನು ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬರುವುದು ಅವಳಿಗೆ ಕಂಡಿತು. ಅಡುಗೆ ಕೋಣೆಯಲ್ಲಿ ಕೂರುತ್ತಾನೆ. ತಟ್ಟೆ ತೊಳೆದಿಡುತ್ತಾನೆ. ಅಕ್ಕ ಎನ್ನುತ್ತಾನೆ. ಆಮೇಲೆ, ಬಿಡಿಸಿದ ಋಣಕ್ಕೆ, ಅವಳ ಮುಖ ನೋಡುತ್ತಾ ನೋಡುತ್ತಾ ಶುರುಮಾಡುತ್ತಾನೆ, ಅವತ್ತು ಬೆಳಿಗ್ಗೆ ಅವನು ಏನಂದ ಗೊತ್ತಾ ಅಕ್ಕ. ಭಾನುವಾರಕ್ಕೊಂದು. ಸಾಯುವವರೆಗೆ. ಅವಳು ಕೇಳುತ್ತಾಳೆ, ಇನ್ನೂ ಹೇಳು ಎನ್ನುತ್ತಾಳೆ.

‘ಷರತ್ತು ಇರ್ಲಿ’ ಎಂದಳು.

ಹೊರಗೆ ಗುಮಾಸ್ತ ಎದ್ದು ನಿಂತಿದ್ದ. ಫೈಲಿನ ದಾರ ಕಟ್ಟಿ, ಕಪಾಟಿನ ಮೇಲಿನ ಖಾನೆಗೆ ಏರಿಸಿ, ಕೈ ಒರೆಸಿಕೊಂಡ. ‘ಮುಗೀತು ಅಮ್ಮ. ಇನ್ನು ನೀವು ಬರೋ ಕೆಲಸ ಇಲ್ಲ.’ ಅವಳು ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲವರೆಗೆ ಹೋದಳು. ಹೊಸ್ತಿಲಲ್ಲಿ ನಿಂತು ತಿರುಗಿದಳು.

‘ಮುಂದಿನ ವರ್ಷ ಇದೇ ದಿನ ಆಫೀಸು ತೆಗೆದಿರುತ್ತಾ?’

ಗುಮಾಸ್ತ ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದ. ಅದರಲ್ಲಿ ಇನ್ನೂ ಈ ವರ್ಷವೇ ಇತ್ತು. ‘ತೆಗೆದಿರುತ್ತೆ. ಯಾಕಮ್ಮ?’

‘ಸುಮ್ನೆ ಕೇಳ್ದೆ’ ಎಂದಳು.